ಪೀಪಾಯಿಯೂ ಬೊಕ್ಕಸವೂ

ಜರ್ಮನಿಯ ಬಿಯರು ಒಂದು ಬಗೆ, ಇಂಗ್ಲೆಂಡಿನದು ಇನ್ನೊಂದು ಬಗೆ, ಬೆಲ್ಜಿಯಮ್ಮಿನದು ಮತ್ತೂ ಒಂದು ಬಗೆ. ಹೀಗೇಕೆ ಎಂದು ಕೇಳಿದರೆ ಬಲ್ಲವರು ಮೂರು ಕಾರಣ ಹೇಳುತ್ತಾರೆ: ಧಾನ್ಯ, ನೀರು, ಕೈಗುಣ. ನಮ್ಮ ಮನೆಗಳಲ್ಲಿ ಸಾರಿನ ವಿಷಯಕ್ಕೆ ಹೇಳುವ ಮಾತೇ ಇದು, ಸುಳ್ಳೇನೂ ಅಲ್ಲ. ಆದರೆ ಬಿಯರಿನ ಚರಿತ್ರೆಯನ್ನು ತಿರುವಿಹಾಕುತ್ತ ಹೋದರೆ ನಾಲ್ಕನೆಯ ಕಾರಣವೊಂದು ಪುಟಪುಟಕ್ಕೂ ಎದುರಾಗುತ್ತದೆ. ಅದು ಸರಕಾರದ ಕೈ. ಏನು ಹಾಕಿ ಕುದಿಸಬೇಕು, ಯಾವ ತಿಂಗಳಿನಲ್ಲಿ ಕುದಿಸಬೇಕು, ಅಂಗಡಿಯ ಬಾಗಿಲನ್ನು ಎಷ್ಟು ಗಂಟೆಗೆ ಹಾಕಬೇಕು, ಸ್ನೇಹಿತನಿಗೆ ಒಂದು ಲೋಟ ಕೊಡಿಸಬಹುದೋ ಕೂಡದೋ ಎಂಬುದನ್ನೆಲ್ಲ ರಾಜರೂ ಮಂತ್ರಿಗಳೂ ಸುಂಕದ ಅಧಿಕಾರಿಗಳೂ ಕಾಗದದ ಮೇಲೆ ಬರೆದರು. ಜನ ಅದಕ್ಕೆ ಹೊಂದಿಕೊಂಡು ಕುಡಿದರು. ಎರಡು ಮೂರು ತಲೆಮಾರು ಕಳೆಯುವ ಹೊತ್ತಿಗೆ ಅದೇ ‘ನಮ್ಮ ಹಿರಿಯರ ಸಂಪ್ರದಾಯ’ ಎನಿಸಿಕೊಂಡಿತು.

ಕುಡಿತದ ಪರವಾಗಿ ವಕಾಲತ್ತು ವಹಿಸುವುದು ಈ ಲೇಖನದ ಉದ್ದೇಶವಲ್ಲ. ಕುಡಿಯುವವರನ್ನು ಬೈಯುವುದೂ ಅಲ್ಲ. ಬಿಯರನ್ನು ಕಣ್ಣಿನಿಂದ ಕಂಡಿರದ ಮನೆಗಳೂ ಅದರ ಸುಂಕದ ಫಲವನ್ನು ಉಂಡಿವೆ, ಅದರ ನಿಷೇಧದ ಭಾರವನ್ನು ಹೊತ್ತಿವೆ. ಆದ್ದರಿಂದ ಇದು ಕುಡಿಯುವವರ ಕಥೆ ಮಾತ್ರವಲ್ಲ.

ಮೊದಲು ಬಿಯರು ಆಗುವ ಬಗೆಯನ್ನು ಹೇಳಿಬಿಡುವುದು ಒಳ್ಳೆಯದು. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು ಬಿಸಿನೀರಿನಲ್ಲಿ ನೆನೆಹಾಕುತ್ತಾರೆ. ಆಗ ಕಾಳಿನ ಹಿಟ್ಟಿನ ಅಂಶ ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಮಗುವಿಗೆ ರಾಗಿಸರಿ ಮಾಡಲು ರಾಗಿಯನ್ನು ಮೊಳಕೆ ಕಟ್ಟುವ ತಾಯಂದಿರಿಗೆ ಈ ಕೆಲಸದ ಮೊದಲರ್ಧ ಹೊಸದಲ್ಲ. ಆ ಸಿಹಿನೀರನ್ನು ಹಾಪ್ ಎಂಬ ಬಳ್ಳಿಯ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟು ಸೇರಿಸಿ ಹುದುಗಲು ಬಿಟ್ಟರೆ ಬಿಯರಾಯಿತು. ಇದನ್ನು ಭಟ್ಟಿ ಇಳಿಸುವುದಿಲ್ಲ. ಆದ್ದರಿಂದ ಸಾಮಾನ್ಯ ಬಿಯರಿನಲ್ಲಿ ಮದ್ಯಸಾರ ನೂರಕ್ಕೆ ನಾಲ್ಕೈದು ಪಾಲು. ಭಟ್ಟಿ ಇಳಿಸಿದ ವಿಸ್ಕಿ ಜಿನ್ನುಗಳಲ್ಲಿ ನೂರಕ್ಕೆ ನಲವತ್ತರ ಆಸುಪಾಸು. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಸರಕಾರದ ಕೈ ಬಹಳ ಹಳೆಯದು. ಸುಮಾರು ಮೂರು ಸಾವಿರದ ಏಳುನೂರು ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಕಲ್ಲಿನ ಮೇಲೆ ಕೊರೆಯಿಸಿದ ಶಾಸನದಲ್ಲಿಯೇ ಬಿಯರಂಗಡಿಯ ಹೆಂಗಸರ ಮಾತು ಬರುತ್ತದೆ. ಹೌದು, ಹೆಂಗಸರೇ, ಆ ಕಾಲದಲ್ಲಿ ಅಂಗಡಿ ಅವರದು. ಬೆಲೆಯಾಗಿ ಕೊಟ್ಟ ಧಾನ್ಯಕ್ಕೆ ತಕ್ಕಷ್ಟು ಬಿಯರನ್ನು ಅಳೆಯದೆ ಮೋಸಮಾಡಿದವಳನ್ನು ನೀರಿಗೆ ಎಸೆಯಬೇಕೆಂದು ಅಲ್ಲಿ ವಿಧಿಸಿದೆ. ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರಿಗೆ ಇಂದು ಅಷ್ಟು ಅಧಿಕಾರವಿಲ್ಲ.

ಮಧ್ಯಯುಗದ ಯೂರೋಪಿನಲ್ಲಿ ಹಾಪ್ ಹೂವು ಎಲ್ಲೆಡೆಗೂ ಬರುವ ಮೊದಲು ಬಿಯರಿಗೆ ಹಲವು ಸೊಪ್ಪುಗಳ ಒಂದು ಮಿಶ್ರಣವನ್ನು ಹಾಕುತ್ತಿದ್ದರು. ಅದಕ್ಕೆ ಗ್ರೂಟ್ ಎಂದು ಹೆಸರು. ಅದನ್ನು ಮಾರುವ ಹಕ್ಕು ಬಿಷಪ್ಪರಿಗೂ ಪಾಳೆಯಗಾರರಂಥ ಪ್ರಭುಗಳಿಗೂ ಸೇರಿತ್ತು. ಬಿಯರು ಮಾಡುವವರೆಲ್ಲ ಅವರಿಂದಲೇ ಕೊಳ್ಳಬೇಕು. ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣದಲ್ಲಿ ಆ ಹಕ್ಕನ್ನು ಪಡೆದಿದ್ದ ಮನೆತನಕ್ಕೆ ಗ್ರೂಟ್‌ಹೂಸ್ ಎಂಬ ಹೆಸರೇ ನಿಂತಿತು. ಅವರ ಅರಮನೆ ಈಗ ವಸ್ತುಸಂಗ್ರಹಾಲಯ. ಬಿಯರನ್ನು ಕೆಡದಂತೆ ಉಳಿಸುವ ಗುಣ ಹಾಪಿಗೆ ಹೆಚ್ಚು. ಆದರೂ ಅದು ಕೆಲವು ಸೀಮೆಗಳಲ್ಲಿ ಬೇಗ, ಕೆಲವು ಸೀಮೆಗಳಲ್ಲಿ ತಡವಾಗಿ ಹರಡಿತು. ಸೊಪ್ಪಿನ ಸುಂಕದಿಂದ ಬದುಕುತ್ತಿದ್ದವರು ಹೂವನ್ನು ಸುಲಭವಾಗಿ ಬಿಟ್ಟಾರೆಯೆ?

ಈಗ ಬವೇರಿಯಕ್ಕೆ ಬರೋಣ. ಜರ್ಮನಿಯ ದಕ್ಷಿಣ ಭಾಗದ ಈ ಸೀಮೆಯ ಶಾಸನವೇ ಬಿಯರಿನ ಲೋಕದಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದುದು. ೧೫೧೬ರ ಏಪ್ರಿಲ್ ೨೩ರಂದು ಇಂಗೋಲ್‌ಸ್ಟಾಟ್ ಎಂಬ ಊರಿನಲ್ಲಿ ಡ್ಯೂಕ್ ನಾಲ್ಕನೆಯ ವಿಲ್‌ಹೆಲ್ಮನೂ ಅವನ ತಮ್ಮ ಹತ್ತನೆಯ ಲುಡ್‌ವಿಗನೂ ಅದನ್ನು ಹೊರಡಿಸಿದರು. ಬಿಯರಿಗೆ ಬಾರ್ಲಿ, ಹಾಪ್, ನೀರು ಇವು ಮೂರಲ್ಲದೆ ಬೇರೇನನ್ನೂ ಹಾಕಕೂಡದು ಎಂದು ಅದರ ಮಾತು. ಯೀಸ್ಟಿನ ಹೆಸರು ಅದರಲ್ಲಿ ಇಲ್ಲ. ಇಂದು ಜರ್ಮನಿಯ ಕಾರ್ಖಾನೆಗಳು ಬಾಟಲಿಯ ಮೇಲೆ ಹೆಮ್ಮೆಯಿಂದ ಅಚ್ಚುಹಾಕಿಸುವ ‘ಪರಿಶುದ್ಧತೆಯ ಶಾಸನ’ ಇದೇ. ಆದರೆ ಮೂಲ ಪಾಠವನ್ನು ಓದಿದವರಿಗೆ ಒಂದು ವಿಷಯ ಕಾಣುತ್ತದೆ: ಅದರ ಬಹುಭಾಗ ಬೆಲೆಯ ಮಾತು. ಸೆಪ್ಟೆಂಬರಿನ ಮೈಕೇಲ್ ಹಬ್ಬದಿಂದ ಏಪ್ರಿಲಿನ ಜಾರ್ಜ್ ಹಬ್ಬದವರೆಗೆ ಅಳತೆಗೆ ಒಂದು ಫೆನಿಗ್, ಉಳಿದ ತಿಂಗಳುಗಳಲ್ಲಿ ಎರಡಕ್ಕೆ ಮೀರಕೂಡದು ಎಂದು ಕಟ್ಟುಮಾಡಿದ್ದಾರೆ. ಇನ್ನು ಬಾರ್ಲಿಯನ್ನೇ ಏಕೆ ಹೇಳಿದರು? ಗೋಧಿ ಮತ್ತು ರೈ ಧಾನ್ಯಗಳು ರೊಟ್ಟಿಗೆ ಬೇಕು. ಬಿಯರಿನವರು ಪೈಪೋಟಿಗೆ ಬಿದ್ದು ಕೊಂಡರೆ ಬಡವನ ರೊಟ್ಟಿಯ ಬೆಲೆ ಏರುತ್ತದೆ ಎಂಬ ಲೆಕ್ಕ ಇದರ ಹಿಂದೆ ಇತ್ತೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ‘ಪರಿಶುದ್ಧತೆಯ ಶಾಸನ’ ಎಂಬ ಹೆಸರು ಬಂದದ್ದು ನಾನೂರು ವರ್ಷಗಳ ಬಳಿಕ, ೧೯೧೮ರಲ್ಲಿ, ಬವೇರಿಯದ ವಿಧಾನಸಭೆಯ ಒಂದು ಚರ್ಚೆಯಲ್ಲಿ.

ಶಾಸನ ಮಾಡಿದವನೇ ಅದರಲ್ಲಿ ಕಿಂಡಿಯನ್ನೂ ಕೊರೆದ. ೧೫೪೮ರಲ್ಲಿ ಅದೇ ವಿಲ್‌ಹೆಲ್ಮ್ ಡೇಗನ್‌ಬರ್ಗ್ ಎಂಬ ಪ್ರಭುಮನೆತನಕ್ಕೆ ಗೋಧಿಯ ಬಿಯರನ್ನು ಮಾಡುವ ವಿಶೇಷ ಹಕ್ಕು ಕೊಟ್ಟ. ೧೬೦೨ರಲ್ಲಿ ಆ ಮನೆತನ ಸಂತಾನವಿಲ್ಲದೆ ನಿಂತುಹೋಯಿತು. ಆಗಿನ ಡ್ಯೂಕ್ ಮ್ಯಾಕ್ಸಿಮಿಲಿಯನ್ ಆ ಹಕ್ಕನ್ನು ಬೇರೆಯವರಿಗೆ ಕೊಡಲಿಲ್ಲ, ತಾನೇ ಇಟ್ಟುಕೊಂಡ. ಪ್ರಜೆಗೆ ನಿಷಿದ್ಧವಾದ ಗೋಧಿ ಅರಮನೆಯ ಬೊಕ್ಕಸಕ್ಕೆ ಮಾತ್ರ ನಿಷಿದ್ಧವಾಗಲಿಲ್ಲ. ಇಂದು ಬವೇರಿಯಕ್ಕೆ ಹೋದ ಪ್ರವಾಸಿಗರು ಎತ್ತರದ ಗಾಜಿನ ಲೋಟದಲ್ಲಿ ಕುಡಿಯುವ ಬಿಳಿ ಬಿಯರು ಉಳಿದುಬಂದದ್ದು ಈ ದಾರಿಯಿಂದ.

ಬವೇರಿಯದ ಇನ್ನೊಂದು ಆಜ್ಞೆ ಇದಕ್ಕಿಂತ ದೂರಗಾಮಿಯಾಯಿತೆಂದು ನನ್ನ ಎಣಿಕೆ. ಬೇಸಗೆಯಲ್ಲಿ ಬಿಯರು ಬೇಗ ಹುಳಿಯಾಗಿ ಕೆಡುತ್ತಿತ್ತು. ಒಲೆಯಿಂದ ಊರಿಗೆ ಬೆಂಕಿ ತಗಲುವ ಭಯವೂ ಇತ್ತು. ಹೀಗಾಗಿ ೧೫೫೩ರಲ್ಲಿ ಏಪ್ರಿಲಿನಿಂದ ಸೆಪ್ಟೆಂಬರಿನ ಕೊನೆಯವರೆಗೆ ಬಿಯರು ಕುದಿಸುವುದನ್ನೇ ನಿಲ್ಲಿಸಿದರು. ಬೇಸಗೆಯ ಬಾಯಾರಿಕೆಗೆ ಬೇಕಾದ್ದನ್ನೆಲ್ಲ ಚಳಿಗಾಲದಲ್ಲಿಯೇ ಮಾಡಿ ನೆಲಮಾಳಿಗೆಯಲ್ಲಿ ಮಂಜುಗಡ್ಡೆಯ ಜೊತೆ ಇಡಬೇಕಾಯಿತು. ಆ ತಣ್ಣನೆಯ ಕತ್ತಲಲ್ಲಿ, ಪಾತ್ರೆಯ ತಳದಲ್ಲಿ ಕುಳಿತು ನಿಧಾನವಾಗಿ ಹುದುಗುವ ಒಂದು ಜಾತಿಯ ಯೀಸ್ಟು ಮೇಲುಗೈ ಪಡೆಯಿತು. ಹೀಗೆ ಬಂದ ತಿಳಿಯಾದ, ಕೆಡದ ಬಿಯರಿಗೆ ಲಾಗರ್ ಎನ್ನುತ್ತಾರೆ; ಜರ್ಮನ್ ಭಾಷೆಯಲ್ಲಿ ಲಾಗರ್ ಎಂದರೆ ಉಗ್ರಾಣ. ೧೮೪೨ರಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯದ ಕುಶಲಿ ಈ ವಿದ್ಯೆಯನ್ನು ಬೊಹೀಮಿಯದ ಪಿಲ್ಸನ್ ಪಟ್ಟಣಕ್ಕೆ ಒಯ್ದ. ಅಲ್ಲಿಯ ಮೆದುನೀರಿಗೂ ನಸುಬಣ್ಣದ ಮೊಳಕೆ ಬಾರ್ಲಿಗೂ ಅದು ಹೊಂದಿ ಹೊಂಬಣ್ಣದ ಬಿಯರಾಯಿತು. ಇಂದು ಟೋಕಿಯೋದಿಂದ ಬೆಂಗಳೂರಿನವರೆಗೆ ಬಾಟಲಿಯಲ್ಲಿ ಕಾಣುವ ಹಳದಿ ಬಿಯರಿನ ಬಹುಪಾಲು ಇದರದೇ ಸಂತತಿ.

ಆ ನೆಲಮಾಳಿಗೆಗಳು ಇನ್ನೊಂದು ಪದ್ಧತಿಯನ್ನೂ ಹುಟ್ಟಿಸಿದವು. ಮಾಳಿಗೆ ತಂಪಾಗಿರಲೆಂದು ಮೇಲೆ ನೆರಳು ಕೊಡುವ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಜನ ಬೇಸಗೆಯಲ್ಲಿ ಬಿಯರು ಕೊಳ್ಳಲು ಅಲ್ಲಿಗೇ ಬಂದು ನೆರಳಿನಲ್ಲಿ ಕುಳಿತು ಕುಡಿಯತೊಡಗಿದರು. ಊರೊಳಗಿನ ಊಟದ ಮನೆಗಳವರಿಗೆ ವ್ಯಾಪಾರ ತಪ್ಪಿತು. ಅವರು ದೊರೆಗೆ ದೂರಿತ್ತರು. ೧೮೧೨ರಲ್ಲಿ ರಾಜ ಒಂದನೆಯ ಮ್ಯಾಕ್ಸಿಮಿಲಿಯನ್ ಯೋಸೆಫ್ ಇಬ್ಬರಿಗೂ ಒಪ್ಪುವ ತೀರ್ಪು ಕೊಟ್ಟ: ಮಾಳಿಗೆಯವರು ತಮ್ಮ ಬಿಯರನ್ನು ಅಲ್ಲಿಯೇ ಬಡಿಸಬಹುದು, ಜೊತೆಗೆ ರೊಟ್ಟಿ ಕೊಡಬಹುದು, ಬೇರೆ ಊಟ ಕೊಡಕೂಡದು. ಹಸಿವಿದ್ದವರು ಮನೆಯಿಂದಲೇ ಬುತ್ತಿ ತಂದರು. ಆ ನಿರ್ಬಂಧ ಹೋಗಿ ಎಷ್ಟೋ ಕಾಲವಾಯಿತು. ಆದರೂ ಮ್ಯೂನಿಕ್ಕಿನ ಹಳೆಯ ಬಿಯರು ತೋಟಗಳಲ್ಲಿ ಇಂದಿಗೂ ಸಂಸಾರಸಮೇತ ಬಂದವರು ಬುಟ್ಟಿ ಬಿಚ್ಚಿ, ಮೇಜಿಗೆ ಬಟ್ಟೆ ಹಾಸಿ, ಮೂಲಂಗಿಯನ್ನೂ ಗಿಣ್ಣನ್ನೂ ಹರಡಿಕೊಳ್ಳುತ್ತಾರೆ. ಬಿಯರನ್ನು ಮಾತ್ರ ಅಂಗಡಿಯಿಂದ ಕೊಳ್ಳುತ್ತಾರೆ.

ಬವೇರಿಯದ ನಿಯಮ ೧೯೦೬ರಲ್ಲಿ ಇಡೀ ಜರ್ಮನಿಗೆ ಅನ್ವಯಿಸಿತು. ಇದನ್ನೇ ಮುಂದಿಟ್ಟುಕೊಂಡು ಪರದೇಶದ ಬಿಯರನ್ನು ತಡೆಯುತ್ತಿದ್ದುದನ್ನು ಯೂರೋಪಿನ ನ್ಯಾಯಾಲಯ ೧೯೮೭ರಲ್ಲಿ ತಪ್ಪೆಂದು ತೀರ್ಮಾನಿಸಿತು.

ನೆರೆಯ ಬೆಲ್ಜಿಯಮ್ಮಿನ ದಾರಿಯೇ ಬೇರೆ. ಅಲ್ಲಿ ಯಾರೂ ಬಿಯರಿಗೆ ಇದನ್ನೇ ಹಾಕಿ ಎನ್ನಲಿಲ್ಲ, ಪಾತ್ರೆಯನ್ನು ಅಳೆದರು. ಬೆಲ್ಜಿಯಂ ಇನ್ನೂ ಸ್ವತಂತ್ರವಾಗಿರದ ೧೮೨೨ರಲ್ಲಿ, ನೆದರ್ಲೆಂಡ್ಸಿನ ದೊರೆ ಒಂದನೆಯ ವಿಲಿಯಮ್ ನುಚ್ಚು ನೆನೆಹಾಕುವ ತೊಟ್ಟಿಯ ಗಾತ್ರದ ಮೇಲೆ ತೆರಿಗೆ ಹಾಕಿದ. ತೊಟ್ಟಿ ದೊಡ್ಡದಾದಷ್ಟೂ ತೆರಿಗೆ ಹೆಚ್ಚು. ಬಿಯರಿನವರು ಏನು ಮಾಡಿದರು? ಸಣ್ಣ ತೊಟ್ಟಿಯಲ್ಲಿ ಧಾನ್ಯವನ್ನು ಕಂಠದವರೆಗೆ ತುರುಕಿದರು; ಬಗ್ಗಡದಂಥ ರಸವನ್ನು ಆಗಾಗ ಮೊಗೆದು ಬೇರೆ ಕಡೆ ಕುದಿಸಿ ಮತ್ತೆ ಸುರಿದರು. ಬ್ರಸೆಲ್ಸಿನ ಸುತ್ತ ಗಾಳಿಯಲ್ಲಿರುವ ಅಣುಜೀವಿಗಳಿಂದಲೇ ಹುದುಗಿ ವರ್ಷಗಟ್ಟಲೆ ಪೀಪಾಯಿಯಲ್ಲಿ ಮಾಗುವ ಲ್ಯಾಂಬಿಕ್ ಎಂಬ ಹುಳಿ ಬಿಯರಿಗೆ ಈ ಬಗ್ಗಡ ರಸ ಹೇಳಿಮಾಡಿಸಿದಂತಿದೆ. ಆ ತೆರಿಗೆ ಹೋಯಿತು. ರಸ ತೆಗೆಯುವ ಆ ಕ್ರಮವನ್ನು ಅಲ್ಲಿಯವರು ಈಗಲೂ ಬಿಟ್ಟಿಲ್ಲ.

ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ, ೧೯೧೯ರಲ್ಲಿ, ಬೆಲ್ಜಿಯಮ್ಮಿನ ಸಮಾಜವಾದಿ ನಾಯಕ ಎಮಿಲ್ ವಾಂಡರ್‌ವೆಲ್ಡ್ ನ್ಯಾಯಮಂತ್ರಿಯಾಗಿದ್ದ. ಕೂಲಿಯವನ ವಾರದ ಸಂಬಳ ಜಿನ್ನಿನ ಅಂಗಡಿಯಲ್ಲೇ ಕರಗಿ ಹೆಂಡತಿಮಕ್ಕಳು ಉಪವಾಸ ಬೀಳುವುದನ್ನು ತಪ್ಪಿಸಬೇಕೆಂದು ಅವನು ಒಂದು ಕಾನೂನು ತಂದ. ಪಾನಗೃಹಗಳಲ್ಲಿ ಭಟ್ಟಿ ಇಳಿಸಿದ ಮದ್ಯವನ್ನು ಲೋಟದ ಲೆಕ್ಕದಲ್ಲಿ ಮಾರಕೂಡದು; ಅಂಗಡಿಯಲ್ಲಿ ಕೊಂಡರೆ ಎರಡು ಲೀಟರಿಗೆ ಕಡಮೆ ಕೊಳ್ಳುವಂತಿಲ್ಲ. ಎರಡು ಲೀಟರಿಗೆ ಒಮ್ಮೆಗೇ ಹಣ ಸುರಿಯಲು ಬಡವನಿಂದ ಆಗುತ್ತಿರಲಿಲ್ಲ. ಹಣವಿದ್ದವನಿಗೆ ತೊಂದರೆ ಇಲ್ಲ. ಕಾನೂನಿನ ಈ ಓರೆಯನ್ನು ಗಮನಿಸದೆ ಹೋಗುವಂತಿಲ್ಲ. ಬಿಯರಿಗೆ ಮಾತ್ರ ಅಡ್ಡಿ ಇರಲಿಲ್ಲವಾಗಿ ಕಡುಮದ್ಯದ ಚಟಕ್ಕೆ ಹತ್ತಿರವಾಗುವಂಥ ಬಲವಾದ ಬಿಯರುಗಳಿಗೆ ಗಿರಾಕಿ ಹೆಚ್ಚಿತು. ನೂರಕ್ಕೆ ಎಂಟೋ ಒಂಬತ್ತೋ ಪಾಲು ಮದ್ಯಸಾರವಿರುವ ಬೆಲ್ಜಿಯನ್ ಬಿಯರುಗಳ ಕೀರ್ತಿಗೆ ಈ ಕಾನೂನೂ ಒಂದು ಕಾರಣವೆನ್ನುತ್ತಾರೆ. ಅದು ೧೯೮೦ರ ದಶಕದವರೆಗೆ ಜಾರಿಯಲ್ಲಿತ್ತು.

ಐಸ್‌ಲೆಂಡು ಇದಕ್ಕೆ ಸರಿಯಾಗಿ ತಿರುಗುಮುರುಗು. ಅಲ್ಲಿ ೧೯೦೮ರಲ್ಲಿ ಜನಮತ ತೆಗೆದುಕೊಂಡು ೧೯೧೫ರ ಜನವರಿ ಒಂದರಿಂದ ಎಲ್ಲ ಮದ್ಯವನ್ನೂ ನಿಷೇಧಿಸಿದರು. ಆ ದೇಶದ ಬದುಕು ಮೀನಿನ ಮೇಲೆ ನಿಂತದ್ದು. ಉಪ್ಪುಮೀನಿನ ದೊಡ್ಡ ಗಿರಾಕಿಯಾದ ಸ್ಪೇನು, ‘ನೀವು ನಮ್ಮ ದ್ರಾಕ್ಷಾರಸ ಕೊಳ್ಳದಿದ್ದರೆ ನಾವು ನಿಮ್ಮ ಮೀನು ಕೊಳ್ಳುವುದಿಲ್ಲ’ ಎಂಬ ಪಟ್ಟು ಹಿಡಿಯಿತು. ೧೯೨೨ರಲ್ಲಿ ಸ್ಪೇನಿನ ದ್ರಾಕ್ಷಾರಸಕ್ಕೆ ಬಾಗಿಲು ತೆರೆಯಿತು. ೧೯೩೩ರಲ್ಲಿ ಮತ್ತೆ ಜನಮತವಾಗಿ ೧೯೩೫ರಿಂದ ಕಡುಮದ್ಯಕ್ಕೂ ಒಪ್ಪಿಗೆ ಬಂತು. ಆದರೆ ಬಿಯರಿಗೆ ಬರಲಿಲ್ಲ! ಬಿಯರು ಅಗ್ಗ, ಎಳೆಯರೂ ಕೂಲಿಕಾರರೂ ಅದರಿಂದಲೇ ಚಟ ಕಲಿಯುತ್ತಾರೆ ಎಂಬುದು ಪಾನವಿರೋಧಿಗಳ ವಾದ. ನೂರಕ್ಕೆ ಎರಡೂಕಾಲು ಪಾಲಿಗೆ ಮೀರಿದ ಬಿಯರು ಇನ್ನೂ ಐವತ್ತನಾಲ್ಕು ವರ್ಷ ನಿಷಿದ್ಧವಾಗಿಯೇ ಉಳಿಯಿತು. ಜನ ಸುಮ್ಮನಿದ್ದರೆ? ಪಾನಗೃಹಗಳಲ್ಲಿ ಸಪ್ಪೆ ಬಿಯರಿಗೆ ವೋಡ್ಕದಂಥ ಕಡುಮದ್ಯ ಬೆರೆಸಿ ‘ಬಿಯರಿನಂಥದು’ ಎಂಬ ಹೆಸರಿನಲ್ಲಿ ಕೊಟ್ಟರು. ಬೆರೆಸಲು ಬೇಕಾದ ಎರಡೂ ಕಾನೂನಿಗೆ ಒಪ್ಪಿಗೆಯಾದವೇ. ಕೊನೆಗೆ ೧೯೮೯ರ ಮಾರ್ಚ್ ಒಂದರಂದು ನಿಷೇಧ ತೆಗೆದರು. ಆ ದಿನವನ್ನು ಅಲ್ಲಿ ಬಿಯರಿನ ದಿನವೆಂದು ಇಂದಿಗೂ ಆಚರಿಸುತ್ತಾರೆ.

ಬಡ ಸಂಸಾರವನ್ನು ಕಾಪಾಡಬೇಕೆಂಬ ಉದ್ದೇಶ ಈ ಎರಡು ದೇಶಗಳಲ್ಲೂ ಒಂದೇ. ಒಂದು ಕಡೆ ಬಿಯರನ್ನು ಬಿಟ್ಟು ಜಿನ್ನನ್ನು ಹಿಡಿದರು, ಇನ್ನೊಂದು ಕಡೆ ಜಿನ್ನನ್ನು ಬಿಟ್ಟು ಬಿಯರನ್ನು ಹಿಡಿದರು. ನನ್ನ ಮಟ್ಟಿಗೆ ಬೆಲ್ಜಿಯಮ್ಮಿನವರ ಲೆಕ್ಕವೇ ಹೆಚ್ಚು ವಿವೇಕದ್ದೆಂದು ತೋರುತ್ತದೆ.

ಇಂಗ್ಲೆಂಡಿನಲ್ಲಿ ಹಿಡಿತ ಬಿದ್ದದ್ದು ಗಡಿಯಾರದ ಮೇಲೆ. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಬಡವರನ್ನು ಜಿನ್ನು ಹಾಳುಗೆಡವಿತ್ತು. ಚಿತ್ರಕಾರ ಹೋಗಾರ್ತ್ ೧೭೫೧ರಲ್ಲಿ ಜಿನ್ನಿನ ಬೀದಿಯ ನರಕವನ್ನೂ ಬಿಯರಿನ ಬೀದಿಯ ನೆಮ್ಮದಿಯನ್ನೂ ಅಕ್ಕಪಕ್ಕದಲ್ಲಿ ಕೆತ್ತಿ ತೋರಿಸಿದ. ೧೮೩೦ರಲ್ಲಿ ಪಾರ್ಲಿಮೆಂಟು ಬಿಯರಿನ ಸುಂಕವನ್ನು ತೆಗೆದು, ಎರಡು ಗಿನಿ ಕಟ್ಟಿದ ಯಾವ ಮನೆಯೊಡೆಯನಾದರೂ ಬಿಯರು ಮಾರಬಹುದೆಂದಿತು. ಬೀದಿಬೀದಿಗೂ ಬಿಯರಂಗಡಿಗಳೆದ್ದವು. ಆಮೇಲೆ ಬಂದದ್ದು ಮಹಾಯುದ್ಧ. ಮದ್ದುಗುಂಡಿನ ಕಾರ್ಖಾನೆಗೆ ಕೆಲಸಗಾರರು ಅಮಲಿನಲ್ಲಿ ಬರಬಾರದೆಂದು ೧೯೧೫ರಿಂದ ಪಬ್ಬುಗಳನ್ನು ಮಧ್ಯಾಹ್ನ ಮುಚ್ಚಿಸಿದರು. ಒಬ್ಬರಿಗೊಬ್ಬರು ಸುತ್ತಿಗೊಮ್ಮೆ ಕೊಡಿಸುವುದು ಅಲ್ಲಿಯ ಹಳೆಯ ಮರ್ಯಾದೆ, ಅದನ್ನೂ ಅಪರಾಧವೆಂದರು. ಗಂಡ ಹೆಂಡತಿಗೆ ಒಂದು ಲೋಟ ಕೊಡಿಸಿದರೂ ದಂಡ! ಕಾರ್ಲೈಲ್ ಊರಿನ ಸುತ್ತಲ ಪಬ್ಬುಗಳನ್ನು ೧೯೧೬ರಲ್ಲಿ ಸರಕಾರವೇ ಕೊಂಡು ನಡೆಸಿತು, ೧೯೭೩ರವರೆಗೂ ನಡೆಸಿತು. ಕೊಡಿಸುವುದರ ಮೇಲಿನ ನಿಷೇಧ ಯುದ್ಧದೊಡನೆ ಹೋಯಿತು. ಮಧ್ಯಾಹ್ನದ ಬಾಗಿಲು ಮಾತ್ರ ೧೯೮೮ರವರೆಗೆ ತೆರೆಯಲಿಲ್ಲ.

ಆಸ್ಟ್ರೇಲಿಯದವರು ಇನ್ನೂ ಬಿಗಿಮಾಡಿದರು. ೧೯೧೬ರಲ್ಲಿ ಅಲ್ಲಿಯ ಹಲವು ರಾಜ್ಯಗಳು ಸಂಜೆ ಆರಕ್ಕೆ ಪಾನಗೃಹ ಮುಚ್ಚಬೇಕೆಂದವು. ಗಂಡಸರು ಹೊತ್ತಿಗೆ ಸರಿಯಾಗಿ ಮನೆ ಸೇರಲಿ ಎಂಬ ಸದಾಶಯ. ಕೆಲಸ ಬಿಡುವುದು ಐದಕ್ಕೆ. ಇರುವುದು ಒಂದೇ ಗಂಟೆ. ಜನ ನಿಂತಲ್ಲೇ, ಭುಜಕ್ಕೆ ಭುಜ ತಾಗಿಸಿ, ಆದಷ್ಟು ಬೇಗ ಆದಷ್ಟು ಹೆಚ್ಚು ಸುರಿದುಕೊಂಡರು. ಕುರ್ಚಿಮೇಜುಗಳನ್ನು ತೆಗೆದು ಹಾಕಿ, ತೊಳೆಯಲು ಅನುಕೂಲವಾಗಲೆಂದು ಗೋಡೆಗೆ ಟೈಲ್ಸ್ ಹಾಕಿಸಿದರು. ಆರು ಗಂಟೆಗೆ ಹೆಂಡತಿಯ ಎದುರು ಬಂದು ನಿಲ್ಲುತ್ತಿದ್ದ ಗಂಡ ಹೊತ್ತಿಗೆ ಬಂದಿದ್ದ, ನಿಜ. ಯಾವ ಸ್ಥಿತಿಯಲ್ಲಿ ಎಂಬುದನ್ನು ಕಾನೂನು ಕೇಳಿರಲಿಲ್ಲ. ನ್ಯೂ ಸೌತ್ ವೇಲ್ಸಿನಲ್ಲಿ ಇದು ನಿಂತದ್ದು ೧೯೫೫ರಲ್ಲಿ, ವಿಕ್ಟೋರಿಯದಲ್ಲಿ ೧೯೬೬ರಲ್ಲಿ.

ಜಪಾನಿನವರದು ಇತ್ತೀಚಿನ ಕಥೆ. ಅಲ್ಲಿ ಸಂಗಡಿಗರ ನಡುವೆ ತನ್ನ ಲೋಟಕ್ಕೆ ತಾನೇ ಬಗ್ಗಿಸಿಕೊಳ್ಳುವುದು ಅಷ್ಟು ಚೆನ್ನಲ್ಲ. ಪಕ್ಕದವರು ಬಗ್ಗಿಸಬೇಕು, ನಾವು ಅವರಿಗೆ ಬಗ್ಗಿಸಬೇಕು. ಲೋಟದಲ್ಲಿ ಏನಿರುತ್ತದೆ ಎಂಬುದನ್ನು ಮಾತ್ರ ತೆರಿಗೆ ನಿರ್ಣಯಿಸಿತು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮೊಳಕೆ ಬಾರ್ಲಿ ಇದ್ದರೆ ಅದು ಬಿಯರು, ಭಾರಿ ತೆರಿಗೆ. ೧೯೯೪ರಲ್ಲಿ ಒಂದು ಕಂಪೆನಿ ನೂರಕ್ಕೆ ಅರವತ್ತೈದು ಪಾಲು ಹಾಕಿ ಅಗ್ಗವಾಗಿ ಮಾರಿತು. ಸರಕಾರ ೧೯೯೬ರಲ್ಲಿ ಅದಕ್ಕೂ ತೆರಿಗೆ ಏರಿಸಿತು; ಕಂಪೆನಿಗಳು ಇಪ್ಪತ್ತೈದು ಪಾಲಿಗಿಂತ ಕೆಳಗಿಳಿದವು. ಮತ್ತೆ ಏರಿಸಿದಾಗ ಬಟಾಣಿಯ ಸಾರದಿಂದ ಮಾಡಿದ, ಬಾರ್ಲಿಯೇ ಇಲ್ಲದ ‘ಬಿಯರು’ ಹೊರಬಂತು! ಈ ಇಲಿಬೆಕ್ಕಿನಾಟ ಸಾಕೆಂದು, ೨೦೨೦ರಿಂದ ೨೦೨೬ರೊಳಗೆ ಮೂರು ಹಂತಗಳಲ್ಲಿ ಎಲ್ಲಕ್ಕೂ ಒಂದೇ ದರ ಬರುವಂತೆ ಕಾನೂನು ಮಾಡಿದರು.

ಸುಂಕವೆಂದರೆ ಎಷ್ಟು ದೊಡ್ಡ ಮೊತ್ತ ಎಂಬುದು ಅಮೆರಿಕದ ಚರಿತ್ರೆಯಿಂದ ತಿಳಿಯುತ್ತದೆ. ಅಲ್ಲಿ ಅಂತರ್ಯುದ್ಧದ ಖರ್ಚಿಗೆಂದು ೧೮೬೨ರಲ್ಲಿ ಬಿಯರಿನ ಪೀಪಾಯಿಗೆ ಒಂದು ಡಾಲರ್ ಸುಂಕ ಹಾಕಿದರು. ಯುದ್ಧ ಮುಗಿದರೂ ಸುಂಕ ನಿಲ್ಲಲಿಲ್ಲ. ೧೯೧೦ರ ಸುಮಾರಿಗೆ ಕೇಂದ್ರ ಸರಕಾರದ ಆದಾಯದಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಪಾಲು ಮದ್ಯದಿಂದಲೇ ಬರುತ್ತಿತ್ತು. ಇಂಥ ಹಸುವನ್ನು ಕಡಿಯುವವರು ಯಾರು? ೧೯೧೩ರಲ್ಲಿ ಸಂವಿಧಾನವನ್ನು ತಿದ್ದಿ ವರಮಾನ ತೆರಿಗೆಯನ್ನು ತಂದ ಮೇಲೆಯೇ ಪಾನನಿರೋಧವಾದಿಗಳಿಗೆ ದಾರಿ ಸುಗಮವಾಯಿತು. ೧೯೨೦ರ ಜನವರಿಯಿಂದ ದೇಶವೆಲ್ಲ ಒಣಗಿತು, ಕನಿಷ್ಠ ಕಾಗದದ ಮೇಲೆ. ೧೯೨೯ರ ಆರ್ಥಿಕ ಕುಸಿತದಿಂದ ವರಮಾನ ತೆರಿಗೆ ಬತ್ತಿದಾಗ ಮದ್ಯದ ಸುಂಕದ ನೆನಪಾಯಿತು. ೧೯೩೩ರ ಏಪ್ರಿಲಿನಲ್ಲಿ ತೆಳು ಬಿಯರು, ಡಿಸೆಂಬರಿನಲ್ಲಿ ಎಲ್ಲವೂ ವಾಪಸು ಬಂದವು. ಹದಿಮೂರು ವರ್ಷ ಬಾಗಿಲು ಮುಚ್ಚಿದ್ದ ಸಣ್ಣ ಸಣ್ಣ ಬಿಯರು ಮನೆಗಳು ಬಹಳಷ್ಟು ಮತ್ತೆ ಏಳಲಿಲ್ಲ. ದೊಡ್ಡ ಕಂಪೆನಿಗಳೇ ಉಳಿದು, ದೇಶಕ್ಕೆಲ್ಲ ಒಂದೇ ಸಪ್ಪೆ ರುಚಿ ಬಂತು. ೧೯೭೦ರ ದಶಕದ ಕೊನೆಗೆ ಅಷ್ಟು ದೊಡ್ಡ ದೇಶದಲ್ಲಿ ಬಿಯರು ಕಾರ್ಖಾನೆಗಳು ನೂರೂ ಇರಲಿಲ್ಲ. ಮನೆಯಲ್ಲಿ ಬಿಯರು ಮಾಡಿಕೊಳ್ಳಬಹುದೆಂದು ೧೯೭೮ರಲ್ಲಿ ಕಾನೂನಾದ ಮೇಲೆ ಹವ್ಯಾಸಿಗಳು ಕಸುಬಿಗಿಳಿದರು. ಈಗ ಸಾವಿರಗಟ್ಟಲೆ ಇವೆ.

ನಮ್ಮ ದೇಶಕ್ಕೆ ಈ ಬಿಯರು ಬಂದದ್ದು ಕಂಪೆನಿಯ ಹಡಗಿನಲ್ಲಿ. ಲಂಡನ್ನಿನ ಬೋ ಎಂಬಲ್ಲಿಯ ಹಾಜ್‌ಸನ್, ೧೮೨೦ರ ದಶಕದಿಂದ ಬರ್ಟನ್ ಪಟ್ಟಣದ ಆಲ್‌ಸಪ್ ಮೊದಲಾದವರು ಹೆಚ್ಚು ಹಾಪ್ ಹಾಕಿದ ಬಿಯರನ್ನು ತಿಂಗಳುಗಟ್ಟಲೆಯ ಪ್ರಯಾಣಕ್ಕೆ ತಕ್ಕಂತೆ ಮಾಡಿ ಕಳುಹಿಸುತ್ತಿದ್ದರು. ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ಅದರಿಂದ ಬಂತು. ಮುಂದೆ ಕಸೌಲಿಯಲ್ಲಿ, ನೀಲಗಿರಿಯಲ್ಲಿ, ದಂಡಿದ್ದ ಬೆಂಗಳೂರಿನಲ್ಲಿ ಇಲ್ಲಿಯೇ ತಯಾರಿಸತೊಡಗಿದರು. ದಕ್ಷಿಣದ ಕೆಲವು ಕಾರ್ಖಾನೆಗಳನ್ನು ಕೂಡಿಸಿ ೧೯೧೫ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ಯುನೈಟೆಡ್ ಬ್ರೂವರೀಸನ್ನು ಕಟ್ಟಿದ. ೧೯೪೭ರಲ್ಲಿ ವಿಟ್ಠಲ ಮಲ್ಯರು ಅದರ ನಿರ್ದೇಶಕರಾದ ಮೊದಲ ಭಾರತೀಯರು.

ಆದರೆ ಬೊಕ್ಕಸದ ಕಥೆ ನಡೆದದ್ದು ಪಕ್ಕದ ಮದರಾಸಿನಲ್ಲಿ. ೧೯೩೭ರ ಅಕ್ಟೋಬರ್ ಒಂದರಂದು ಅಲ್ಲಿಯ ಪ್ರಧಾನಿಗಳಾಗಿದ್ದ ರಾಜಾಜಿಯವರು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಆರಂಭಿಸಿದರು. ಅಬಕಾರಿಯ ಆದಾಯ ಹೋದರೆ ಶಾಲೆ ರಸ್ತೆಗಳ ಗತಿಯೇನು? ಆ ತೂತನ್ನು ಮುಚ್ಚಲು ೧೯೩೯ರಲ್ಲಿ ಅವರು ಹೊಸದೊಂದು ತೆರಿಗೆಯನ್ನು ಕಂಡುಕೊಂಡರು: ಅಂಗಡಿಯ ಪ್ರತಿ ಮಾರಾಟದ ಮೇಲೂ ಒಂದಿಷ್ಟು. ಅದೇ ಮಾರಾಟ ತೆರಿಗೆ. ೧೯೪೮ರ ಹೊತ್ತಿಗೆ ಪಾನನಿರೋಧ ಮದರಾಸು ಪ್ರಾಂತಕ್ಕೆಲ್ಲ ಹಬ್ಬಿದಾಗ ಅದಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿಗಳೂ ಅದರೊಳಗೆ ಬಂದವು. ಧಾರವಾಡ, ಬೆಳಗಾವಿಯ ಕಡೆಗೆ ಮುಂಬಯಿಯ ೧೯೪೯ರ ಕಾನೂನು ನಡೆಯಿತು. ೧೯೫೬ರಲ್ಲಿ ಇವೆಲ್ಲ ಒಂದೇ ರಾಜ್ಯವಾದಾಗ ಕನ್ನಡನಾಡಿಗೆ ಜಿಲ್ಲೆಗೊಂದು ಅಬಕಾರಿ ನಿಯಮ ಬಳುವಳಿಯಾಗಿ ಬಂದಿತ್ತು.

ಮದರಾಸಿನ ಪಾನನಿರೋಧವನ್ನು ೧೯೭೧ರಲ್ಲಿ ಸಡಲಿಸಿದರು. ಅದರ ಜೊತೆಗೆ ಹುಟ್ಟಿದ ಮಾರಾಟ ತೆರಿಗೆ ಅಷ್ಟರಲ್ಲಿ ಇತರ ರಾಜ್ಯಗಳಿಗೂ ಹರಡಿ ಸಾಬೂನು, ಸೀರೆ, ರೇಡಿಯೋ ಎಲ್ಲದರ ಮೇಲೂ ಕುಳಿತಿತ್ತು, ಅದು ಹೋಗಲಿಲ್ಲ. ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ರಾಜ್ಯಗಳು ಅದನ್ನು ಹೊಸ ತೆರಿಗೆಯಲ್ಲಿ ಕರಗಿಸಲು ಒಪ್ಪಿದವು. ಕುಡಿಯುವ ಮದ್ಯವನ್ನು ಮಾತ್ರ ಅದರಿಂದ ಹೊರಗಿಟ್ಟು, ಬಿಯರಿನ ಬಾಟಲಿಗೆ ಎಷ್ಟು ಹಾಕಬೇಕೆಂಬುದನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡವು.